ಚಕ್ರ ಅಳೆಯದೆ ಹಾಕಿದ ಸಹಿ

ಧೂಳುಗಾಲದ ನಲವತ್ತೊಂದನೆಯ ದಿನ
ನಿಮ್ಮ ಎಣಿಕೆಯಲ್ಲಿ ೨೧೭೮ನೇ ಇಸವಿ, ಫೆಬ್ರವರಿ ಮೂವತ್ತು
ಕೀಲಿಮನೆ, ಚಳ್ಳಕೆರೆ

ನಮಗಿಂತ ಮುಂಚೆ ಇದೇ ದಾರಿಯಲ್ಲಿ ಲಾರಿ ಓಡಿಸುತ್ತಿರುವ ಅಣ್ಣಂದಿರಿಗೂ ಅಕ್ಕಂದಿರಿಗೂ ಹೊನ್ನೂರಮ್ಮನ ನಮಸ್ಕಾರ.

ಮೇಲಿನ ತಾರೀಖು ನೋಡಿ ಕಾಗದ ಮಡಚಿಡಬೇಡಿ. ಫೆಬ್ರವರಿಗೆ ಮೂವತ್ತು ದಿನ ಬಂದು ನಮ್ಮಲ್ಲಿ ಅರವತ್ತು ವರ್ಷವಾಯಿತು. ಯಾಕೆ ಬಂತೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ನಾನು ಮರೆತಿದ್ದೇನೆ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬರುತ್ತವೆ, ಮನ್ನಿಸಬೇಕು. ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಚಾಲಕರ ಪೈಕಿ ಯಾರೇ ಕೆಲಸ ಬಿಟ್ಟು ಕೂರುವಾಗ, ಹಿಂದಿನ ಕಾಲದಲ್ಲಿ ಇದೇ ಕೆಲಸ ಮಾಡಿದವರಿಗೆ ಒಂದು ಓಲೆ ಬರೆದು ಗಾಡಿಗಳ ಕೀಲಿ ಇಡುವ ಕೀಲಿಮನೆಯ ಪೆಟ್ಟಿಗೆಗೆ ಹಾಕುವುದು ನಮ್ಮ ರೂಢಿ. ಅದು ನಿಮಗೆ ಹೇಗೆ ತಲುಪುತ್ತದೆ, ತಲುಪುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಹೆಚ್ಚಿನವರು ದಾರಿಯ ಸುಖದುಃಖ ಬರೆಯುತ್ತಾರೆ. ನಾನು ಒಂದು ಸಹಿಯ ವಿಷಯ ಬರೆಯಬೇಕಾಗಿದೆ.

ನಮ್ಮ ಕಾಲದಲ್ಲೂ ಲಾರಿಯನ್ನು ಮನುಷ್ಯರೇ ಓಡಿಸುತ್ತೇವೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಯಾರೂ ಕೂರದ ಗಾಡಿಗಳು ಬಂದವು, ಮೂವತ್ತು ವರ್ಷ ಓಡಿದವು. ಆಮೇಲೆ ಧೂಳುಗಾಲ ಶುರುವಾಯಿತು. ಸಂಕ್ರಾಂತಿ ಕಳೆದ ಮೇಲೆ ಎರಡು ಎರಡೂವರೆ ತಿಂಗಳು ಆಂಧ್ರದ ಕಡೆಯಿಂದ ಕೆಂಧೂಳು ಎದ್ದು ಬರುತ್ತದೆ, ಅದರಲ್ಲಿ ಆ ಗಾಡಿಗಳ ಕಣ್ಣು ಮುಚ್ಚಿಹೋಗುತ್ತಿತ್ತು. ಹಾಗಾಗಿ ಮತ್ತೆ ನಮ್ಮನ್ನು ಕರೆದರು. ಬಿಸಿಲು ಹಿಡಿದು ವಿದ್ಯುತ್ ಮಾಡುವ ದೊಡ್ಡ ದೊಡ್ಡ ಕನ್ನಡಿಗಳು ಚಳ್ಳಕೆರೆಯಲ್ಲಿ ತಯಾರಾಗುತ್ತವೆ. ಅವನ್ನು ನಾರಿನ ಹಾಸಿನಲ್ಲಿ ಸುತ್ತಿ, ಚಿತ್ರದುರ್ಗ, ದಾವಣಗೆರೆ ದಾಟಿ ಹಾವೇರಿಯ ಗೋದಾಮಿಗೆ ಮುಟ್ಟಿಸುವುದು ನಮ್ಮ ಕೆಲಸ. ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆಯೊಳಗೆ ಊಟ, ಇಳಿಸುವುದು, ವಾಪಸು ಬರುವುದು ಎಲ್ಲ ಮುಗಿಯುತ್ತದೆ. ಕನ್ನಡಿ ಹೇರಿದ ಗಾಡಿ ಗಂಟೆಗೆ ಅರವತ್ತು ಕಿಲೋಮೀಟರ್ ದಾಟಬಾರದು. ದಾಟಿದರೆ ಅಂಚು ಬಿರುಕು ಬಿಡುತ್ತದೆ. ಮೂವತ್ತೊಂದು ವರ್ಷ ನಾನು ಈ ಕೆಲಸ ಮಾಡಿದೆ.

ನಮ್ಮ ಸೀಟಿನ ಕೆಳಗೆ ತೆಂಗಿನಕಾಯಿ ಗಾತ್ರದ ಒಂದು ಯಂತ್ರವಿದೆ. ಅದರ ಹೆಸರು ಓಟಸಾಕ್ಷಿ. ಚಕ್ರ ಎಷ್ಟು ಸುತ್ತು ಸುತ್ತಿತೆಂದು ಎಣಿಸಿ, ಅದರಿಂದ ವೇಗ ಕಟ್ಟಿ, ನೇರ ಕಂಪನಿಗೆ ಕಳಿಸುತ್ತದೆ. ನಮ್ಮ ಕಣ್ಣೆದುರು ಇರುವ ಡಯಲ್ಲೇ ಬೇರೆ, ಅದಕ್ಕೆ ವೇಗ ತಿಳಿಯುವುದು ಆಕಾಶದ ಉಪಗ್ರಹಗಳಿಂದ. ಎರಡಕ್ಕೂ ಒಂದಕ್ಕೊಂದು ಮಾತಿಲ್ಲ. ಡಯಲ್ಲಿಗೆ ನೆನಪೂ ಇಲ್ಲ, ಆಗ ತೋರಿಸಿದ್ದು ಆಗಲೇ ಮರೆತುಬಿಡುತ್ತದೆ. ಸಾಕ್ಷಿ ಮಾತ್ರ ಎಲ್ಲ ನೆನಪಿಟ್ಟುಕೊಳ್ಳುತ್ತದೆ. ಅದು ಅರವತ್ತರ ಮೇಲೆ ಕಂಡರೆ ನಿಮ್ಮ ಹೆಸರಿನ ಮುಂದೆ ಒಂದು ಕೆಂಪು ಬೀಳುತ್ತದೆ. ಮೂರು ಕೆಂಪಾದರೆ ವಿಚಾರಣೆ. ವಿಚಾರಣೆಯಲ್ಲಿ ಮೂರು ಜನ ಕೂರುತ್ತಾರೆ: ಕಂಪನಿಯವರು ಒಬ್ಬರು, ಗೋದಾಮಿನವರು ಒಬ್ಬರು, ಚಾಲಕರ ಪರವಾಗಿ ಒಬ್ಬರು. ಮೂವರೂ ಸಹಿ ಹಾಕಿದರೆ ಚಾಲಕನ ಕೀಲಿ ಕಿತ್ತುಕೊಳ್ಳುತ್ತಾರೆ, ಅವನ ಕೆಲಸ ಅಲ್ಲಿಗೆ ಮುಗಿಯಿತು. ಚಾಲಕರ ಪರವಾಗಿ ಏಳು ವರ್ಷ ನಾನೇ ಕೂತಿದ್ದೆ.

ಪಾಲಯ್ಯ ನನಗಿಂತ ನಾಲ್ಕು ವರ್ಷ ದೊಡ್ಡವನು. ದೊಡ್ಡೇರಿ ಕಡೆಯವನು, ಹದಿನೇಳನೇ ನಂಬರಿನ ಗಾಡಿ ಅವನದು. ನಾವೆಲ್ಲ ಪಾಲಣ್ಣ ಅನ್ನುತ್ತಿದ್ದೆವು. ಉಬ್ಬುತಗ್ಗು ಬಂದರೆ ಒಳಗಿರುವ ಕನ್ನಡಿಗೆ "ಬಂತು, ಬಂತು, ಹುಷಾರು" ಎಂದು ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಿದ್ದ. ಅವನ ಕೈಯಲ್ಲಿ ಒಂದು ಕನ್ನಡಿ ಒಡೆದದ್ದು ನಾನು ಕೇಳಿಲ್ಲ. ಅಂಥವನಿಗೆ ಎರಡು ವರ್ಷದ ಹಿಂದೆ, ಒಂದೇ ತಿಂಗಳಲ್ಲಿ ಮೂರು ಕೆಂಪು ಬಿದ್ದವು. ಅರವತ್ತಮೂರು, ಅರವತ್ತೈದು, ಅರವತ್ತನಾಲ್ಕು.

ವಿಚಾರಣೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕಂಪನಿಯ ಪರವಾಗಿ ಕೂತಿದ್ದ ಮೇಲ್ವಿಚಾರಕ ಚಿದಾನಂದ ಮೂರು ತಾರೀಖುಗಳನ್ನು ಓದಿ ಹೇಳಿದ.

"ಅಷ್ಟು ಜೋರಾಗಿ ನಾನು ಓಡಿಸಿಲ್ಲ ಸಾರ್. ಡಯಲ್ ಐವತ್ತೆಂಟು ತೋರಿಸ್ತಿತ್ತು" ಅಂದ ಪಾಲಣ್ಣ.

"ಡಯಲ್ ನಿಮ್ಮ ಕಣ್ಣಿಗೆ ಪಾಲಯ್ಯನವರೇ, ಸಾಕ್ಷಿ ನಮ್ಮ ಕಣ್ಣಿಗೆ" ಅಂದ ಚಿದಾನಂದ. ಜೋರು ಮಾಡಿ ಹೇಳಲಿಲ್ಲ. ಅವನು ಕೆಟ್ಟವನಲ್ಲ.

ಆಗ ನಾನು ಕೇಳಿದೆ. ಅವನ ಪರವಾಗಿ ಕೂತ ನಾನೇ ಕೇಳಿದೆ: "ಪಾಲಣ್ಣ, ಖಂಡಿತವಾಗಿ ಹೇಳ್ತೀಯಾ? ಮೂರು ದಿನವೂ ಡಯಲ್ ನೋಡಿದ್ದು ನೆನಪಿದೆಯಾ?"

ಅವನು ತಕ್ಷಣ ಹೂಂ ಅಂದಿದ್ದರೆ ಏನಾಗುತ್ತಿತ್ತೋ. ಅವನು ಅನ್ನಲಿಲ್ಲ. ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತ ಲೆಕ್ಕ ಹಾಕಿದ. "ಮೊದಲನೇ ದಿನ ನೋಡಿದ್ದು ನೆನಪಿದೆ. ಮಿಕ್ಕ ಎರಡು ದಿನ... ನೋಡಿರ್ತೀನಿ ತಾಯಿ. ದಿನಾ ನೋಡೋದೇ ಅಲ್ವಾ" ಅಂದ. ಆ ತಡವರಿಕೆಯನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ವಯಸ್ಸಾಯಿತು, ಕಾಲು ತಾನಾಗಿ ಒತ್ತಿರಬಹುದು, ಅವನಿಗೇ ತಿಳಿದಿರಲಿಕ್ಕಿಲ್ಲ ಎಂದುಕೊಂಡು ಸಹಿ ಹಾಕಿದೆ. ಮೂರನೆಯ ಸಹಿ ನನ್ನದು.

ಎಂಟು ತಿಂಗಳು ಕಳೆಯಿತು. ಒಂದು ಸೋಮವಾರ ನನ್ನ ಹೆಸರಿನ ಮುಂದೆ ಕೆಂಪು ಬಿತ್ತು. ಅರವತ್ತನಾಲ್ಕು. ಜಾಗ, ಭರಮಸಾಗರ ದಾಟಿದ ಮೇಲಿನ ನೇರ ರಸ್ತೆ. ನನಗೆ ನಗು ಬಂತು. ಆ ರಸ್ತೆಯಲ್ಲಿ ನಾನು ಐವತ್ತೆಂಟಕ್ಕೆ ಕಟ್ಟಿಹಾಕಿದ ಹಾಗೆ ಹೋಗುತ್ತೇನೆ. ಗುರುವಾರ ಇನ್ನೊಂದು ಬಿತ್ತು. ಆಗ ನಗು ಬರಲಿಲ್ಲ. ನಾನು ಡಯಲ್ ನೋಡಿದ್ದೆನೇ? ನೋಡಿದ್ದೆ. ಗುರುವಾರವೇ ನೋಡಿದ್ದೆನೇ, ಅಥವಾ ಬುಧವಾರ ನೋಡಿದ್ದನ್ನು ಗುರುವಾರ ಎಂದುಕೊಂಡಿದ್ದೇನೆಯೇ? ಕೂತು ಯೋಚಿಸಿದಷ್ಟೂ ಎಲ್ಲ ದಿನಗಳೂ ಒಂದೇ ದಿನವಾಗಿ ಕಲಸಿಹೋದವು. ಬಲಗಾಲನ್ನು ಮುಂದೆ ಚಾಚಿ, ಇದು ನನ್ನ ಮಾತು ಕೇಳುತ್ತದೆಯೋ ಇಲ್ಲವೋ ಎಂದು ಅದನ್ನೇ ನೋಡಿದೆ. ಪಾಲಣ್ಣ ಲೋಟ ನೋಡಿದ್ದು ಆಗ ನನಗೆ ಅರ್ಥವಾಯಿತು.

ಶುಕ್ರವಾರ ನಾನು ಟೈರ್ ಶೆಡ್ಡಿಗೆ ಹೋದೆ. ಹೋದದ್ದು ಗಾಳಿ ನೋಡಿಸಲಿಕ್ಕೆ, ಅನುಮಾನವೇನೂ ಇರಲಿಲ್ಲ. ಟೈರ್ ಹಾಕುವ ಹುಸೇನಪೀರ ಬಗ್ಗಿ ನೋಡಿ, "ಅಕ್ಕಾ, ಇದು ಹೋದ ತಿಂಗಳು ಹಾಕಿದ ಸಣ್ಣ ಜಾತಿ, ಇದಕ್ಕೆ ಗಾಳಿ ಕಮ್ಮಿ ಸಾಕು" ಅಂದ.

"ಸಣ್ಣ ಜಾತಿ ಅಂದ್ರೆ?"

"ದೊಡ್ಡದು ಸಿಗ್ತಿಲ್ವಲ್ಲ, ಒಂದು ವರ್ಷದಿಂದ ಕೆಲವು ಗಾಡಿಗೆ ಇದನ್ನೇ ಹಾಕ್ತಿದೀವಿ. ಬೆರಳಷ್ಟು ಫರಕು. ಓಡಿಸೋರಿಗೆ ಗೊತ್ತೇ ಆಗಲ್ಲ."

ನಾವಿಬ್ಬರೂ ಒಂದು ಕೆಲಸ ಮಾಡಿದೆವು. ಟೈರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು, ನೆಲದ ಮೇಲೂ ಒಂದು ಗೆರೆ. ನಾನು ಗಾಡಿಯನ್ನು ಇರುವೆಯ ಹಾಗೆ ಮುಂದಕ್ಕೆ ಬಿಟ್ಟೆ, ಅವನು ಪಕ್ಕದಲ್ಲಿ ನಡೆಯುತ್ತ ಸುತ್ತು ಎಣಿಸಿದ. ಹತ್ತು ಸುತ್ತಿಗೆ ನಿಲ್ಲಿಸಿ ಟೇಪು ಹಿಡಿದರೆ ಇಪ್ಪತ್ತೊಂಬತ್ತು ಮೀಟರು. ಸಾಕ್ಷಿಯ ಪುಸ್ತಕದಲ್ಲಿ ಬರೆದಿರುವುದು ಹತ್ತು ಸುತ್ತಿಗೆ ಮೂವತ್ತೆರಡು. ಅಂದರೆ ಇಪ್ಪತ್ತೊಂಬತ್ತು ಮೀಟರು ಹೋದಾಗಲೆಲ್ಲ ಸಾಕ್ಷಿ ಮೂವತ್ತೆರಡು ಹೋದೆ ಎಂದು ಹೇಳುತ್ತಿತ್ತು. ನನ್ನ ಐವತ್ತೆಂಟು ಅದಕ್ಕೆ ಅರವತ್ತನಾಲ್ಕು. ಟೈರು ಬದಲಾದ ವಿಷಯವನ್ನು ಅದಕ್ಕೆ ಯಾರೂ ಹೇಳಿರಲಿಲ್ಲ.

ಚಿದಾನಂದ ಬಂದು ತಾನೇ ಟೇಪು ಹಿಡಿದು ನೋಡಿದ, ಮತ್ತೊಮ್ಮೆ ನೋಡಿದ. "ಸಾಕ್ಷಿ ಏನು ಹೇಳುತ್ತೆ ಅಂತ ನನಗೆ ಗೊತ್ತಮ್ಮ. ಹೇಗೆ ಹೇಳುತ್ತೆ ಅಂತ ನಾನು ಯಾವತ್ತೂ ಕೇಳಲೇ ಇಲ್ಲ" ಅಂದ. ನನ್ನ ಎರಡು ಕೆಂಪು ಅಳಿಸಿದ. ನಾನು ಆಗಲೇ ಹದಿನೇಳನೇ ಗಾಡಿಯ ಕಡೆ ಓಡುತ್ತಿದ್ದೆ. ಅಳೆದೆವು. ಹತ್ತು ಸುತ್ತಿಗೆ ಮೂವತ್ತೆರಡು ಮೀಟರು. ಸರಿಯಾಗಿತ್ತು.

ಇನ್ನೊಂದು ಸಲ ಅಳೆಯಿರಿ ಅಂದೆ. ಅಳೆದರು. ಮೂವತ್ತೆರಡೇ ಬಂತು.

ಹುಸೇನಪೀರ ತಲೆ ಕೆರೆದುಕೊಂಡ. ಪಾಲಣ್ಣ ಹೋದ ಮೇಲೆ ಹದಿನೇಳಕ್ಕೆ ಬೇರೆ ಟೈರು ಹಾಕಿದ್ದು ನಿಜ. ಅದಕ್ಕೆ ಮುಂಚೆ ಇದ್ದದ್ದು ಸಣ್ಣದೋ ದೊಡ್ಡದೋ ಅವನಿಗೆ ನೆನಪಿಲ್ಲ. "ಹದಿನೇಳಕ್ಕೆ ಹಾಕಿದ್ದೆನೋ, ಹದಿನಾಲ್ಕಕ್ಕೋ. ಎರಡೂ ನನ್ನ ಕೈಯಲ್ಲೇ ಹೋದದ್ದು ಅಕ್ಕಾ, ಆದರೆ ಆಣೆ ಮಾಡು ಅಂದ್ರೆ ಆಗಲ್ಲ." ಶೆಡ್ಡಿನ ಪುಸ್ತಕದಲ್ಲಿ ಎಷ್ಟು ಟೈರು ಹೋಯಿತೆಂದಿದೆ, ಯಾವ ಗಾಡಿಗೆಂದಿಲ್ಲ. ಹಳೆಯ ಟೈರುಗಳನ್ನು ಆಗಲೇ ಕರಗಿಸಿದ್ದರು.

ಭಾನುವಾರ ದೊಡ್ಡೇರಿಗೆ ಹೋದೆ. ಹೋಗುವಾಗ ಸುಳ್ಳು ಹೇಳಬೇಕೆಂದೇ ಹೊರಟಿದ್ದೆ. ನಿನ್ನ ಗಾಡಿಯಲ್ಲೂ ಸಣ್ಣ ಟೈರೇ ಇತ್ತು, ನಿನ್ನದೇನೂ ತಪ್ಪಿಲ್ಲ ಎಂದುಬಿಟ್ಟರೆ ಮುಗಿಯಿತು. ಬಾಗಿಲಲ್ಲಿ ಅವನ ಹೆಂಡತಿ ಸಣ್ಣಬೋರಮ್ಮ ಸಿಕ್ಕಳು. ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಸೈಕಲ್ಲೂ ಮುಟ್ಟಲ್ಲಮ್ಮ ಈಗ. ಚಿತ್ರದುರ್ಗಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದ್ರು, ಕಣ್ಣು ಚೆನ್ನಾಗಿದೆ ಅಂದ್ರಂತೆ. ಅದಕ್ಕೂ ಸಮಾಧಾನ ಇಲ್ಲ. ಊಟಕ್ಕೆ ಕೂತ್ರೆ, ನಾನು ಬೇಗ ಬೇಗ ತಿಂತಿದೀನೇನೇ ಅಂತ ಕೇಳ್ತಾರೆ."

ಅವನು ಹಿತ್ತಲಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ನಾನು ನನ್ನ ಕೆಂಪಿನ ಕತೆ, ಟೈರಿನ ಕತೆ ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿದ. ಕೊನೆಗೆ ತಲೆಯೆತ್ತಿ, "ನನ್ನ ಗಾಡಿ ಅಳೆದ್ರಾ?" ಅಂದ.

ಅವನ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ಅಳೆದ್ವಿ. ಈಗ ಇರೋ ಟೈರು ಸರಿಯಾಗಿದೆ. ಆಗ ಇದ್ದದ್ದು ಯಾವುದು ಅಂತ ಯಾರಿಗೂ ನೆನಪಿಲ್ಲ."

"ಹಂಗಾದ್ರೆ ನಾನು ಜೋರಾಗಿ ಓಡಿಸಿದ್ನಾ?"

"ಗೊತ್ತಿಲ್ಲ ಪಾಲಣ್ಣ."

"ನೀನು ಸಹಿ ಹಾಕಿದಾಗ ಗೊತ್ತಿತ್ತಾ?"

"ಗೊತ್ತು ಅಂದ್ಕೊಂಡಿದ್ದೆ. ನನ್ನದು ತಪ್ಪು."

ಅವನು ಮೊರವನ್ನು ಪಕ್ಕಕ್ಕೆ ಸರಿಸಿ ಹೇಳಿದ: "ನಿನಗೂ ಗೊತ್ತಿಲ್ಲ ಅಂದ್ಯಲ್ಲ, ಅಷ್ಟು ಸಾಕು ಬಿಡು. ಎಂಟು ತಿಂಗಳಿಂದ ಎಲ್ಲರಿಗೂ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ."

ಹಾಕಿದ ಸಹಿ ವಾಪಸು ತೆಗೆಯುವ ನಿಯಮ ನಮ್ಮಲ್ಲಿಲ್ಲ. ಹಾಗಾಗಿ ಸೋಮವಾರ ಆ ಹಾಳೆ ತರಿಸಿ, ನನ್ನ ಹೆಸರಿನ ಕೆಳಗೆ "ನನಗೆ ಗೊತ್ತಿಲ್ಲ" ಎಂದು ಬರೆದೆ. ಹಾಗೆ ಬರೆಯಬಹುದೇ ಎಂದು ಕಂಪನಿಯವರು ಒಂದು ವಾರ ಚರ್ಚೆ ಮಾಡಿದರು. ಬರೆಯಬಾರದೆಂದು ಎಲ್ಲೂ ಇರಲಿಲ್ಲ. ಮೂರು ಸಹಿ ಒಂದೇ ಮಾತು ಹೇಳದಿದ್ದ ಮೇಲೆ ಕೀಲಿ ಇಟ್ಟುಕೊಳ್ಳುವ ಹಾಗಿಲ್ಲ. ಚಿದಾನಂದನೇ ಕೀಲಿ ತೆಗೆದುಕೊಂಡು ದೊಡ್ಡೇರಿಗೆ ಹೋದ. ಪಾಲಣ್ಣ ಕೈ ಚಾಚಲಿಲ್ಲವಂತೆ. "ಹೊನ್ನೂರಮ್ಮ ಪಕ್ಕದಲ್ಲಿ ಕೂತ್ರೆ ಒಂದು ಸಲ ನೋಡ್ತೀನಿ" ಅಂದನಂತೆ.

ಕೂತೆ. ಗಾಡಿ ಖಾಲಿಯಿತ್ತು. ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಡಯಲ್ಲಿನ ಮೇಲೆ ಹೊದಿಸಿದ. ಭರಮಸಾಗರ ದಾಟಿದ ಆ ನೇರ ರಸ್ತೆಯ ಪಕ್ಕದಲ್ಲಿ ನಿಮ್ಮ ಕಾಲದ ಕಿಲೋಮೀಟರ್ ಕಲ್ಲುಗಳು ಇನ್ನೂ ಇವೆ. ನಾನು ಗಡಿಯಾರ ಹಿಡಿದು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಣಿಸಬೇಕು, ಅವನು ಕಾಲಿನ ಅಂದಾಜಿನಲ್ಲೇ ವೇಗ ಹೇಳಬೇಕು. "ಈಗ ಐವತ್ತು" ಅಂದ. ಎಪ್ಪತ್ತೆರಡು ಸೆಕೆಂಡು, ಸರಿಯಾಗಿ ಐವತ್ತು. ಸ್ವಲ್ಪ ಹೊತ್ತಿಗೆ "ಅರವತ್ತು" ಅಂದ. ಅರವತ್ತೊಂದು ಸೆಕೆಂಡು, ಅಂದರೆ ಐವತ್ತೊಂಬತ್ತು. ನನ್ನ ಕಣ್ಣು ತುಂಬಿಬಂತು. ಇಷ್ಟು ಸಾಕು, ತಿರುಗಿಸು ಅಂದೆ. ಅವನು ಕೇಳಲಿಲ್ಲ. "ಈಗ ಐವತ್ತೈದು" ಅಂದ. ಮತ್ತೆ ಅರವತ್ತೊಂದು ಸೆಕೆಂಡೇ ಬಂತು. ಅಂದರೆ ಮತ್ತೆ ಐವತ್ತೊಂಬತ್ತು. ನಾಲ್ಕು ತಪ್ಪಿದ್ದ.

ಹೇಳಲೋ ಬೇಡವೋ ಎಂದು ನೋಡಿದೆ. ಹೇಳಿದೆ. ಅವನು ಗಾಡಿ ಪಕ್ಕಕ್ಕೆ ನಿಲ್ಲಿಸಿ, "ಈಗ ನೀನು ಕೂರು" ಅಂದ. ನಾನು ಕೂತೆ. ನನ್ನ ಮೂರರಲ್ಲಿ ಎರಡು ತಪ್ಪಿದವು, ಒಂದು ಏಳರಷ್ಟು. ಅವನು ಗಡಿಯಾರ ಹಿಡಿದು ನಗತೊಡಗಿದ. ನಾನೂ ನಕ್ಕೆ. ಮೂವತ್ತು ವರ್ಷ ಓಡಿಸಿದ ಇಬ್ಬರು, ನಮ್ಮ ಕಾಲು ನಮಗೆ ಎಷ್ಟು ಗೊತ್ತೆಂದು ಆವತ್ತು ಮೊದಲ ಸಲ ನೋಡಿದೆವು. ಅವನು ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, ಮರುದಿನದಿಂದ ಕೆಲಸಕ್ಕೆ ಬಂದ. ಒಂದು ವರ್ಷ ಓಡಿಸಿ, ಹೋದ ತಿಂಗಳು ತಾನಾಗಿ ಕೀಲಿ ಕೊಟ್ಟ. ಅವನು ಆ ಮೂರು ದಿನ ಅರವತ್ತು ದಾಟಿದ್ದನೇ ಇಲ್ಲವೇ ಎಂದು ನನಗೆ ಇಂದಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

ನಿಮ್ಮ ಗಾಡಿಗಳಿಗೆ ಓಟಸಾಕ್ಷಿಯಂಥ ಮೊದಲ ಪೆಟ್ಟಿಗೆಗಳನ್ನು ಈಗಷ್ಟೇ ಕೂರಿಸುತ್ತಿರಬೇಕು. ಅವು ಸುಳ್ಳು ಹೇಳುತ್ತವೆ ಎಂದು ನಾನು ಬರೆಯುತ್ತಿಲ್ಲ. ಹೆಚ್ಚಿನ ದಿನ ನಿಜವನ್ನೇ ಹೇಳುತ್ತವೆ, ಗೊಂದಲವೇ ಅದು. ಟೈರು ಬದಲಾದ ದಿನ ಯಾವ ಗಾಡಿಗೆ, ಯಾವ ಗಾತ್ರದ್ದು ಎಂದು ಎಲ್ಲಾದರೂ ಗೀಚಿಡಿ. ಯಂತ್ರ ಒಂದು ಹೇಳಿ ನಿಮ್ಮ ಜೊತೆಯವನು ಇನ್ನೊಂದು ಹೇಳಿದರೆ, ಅವನಿಗೆ "ಖಂಡಿತವಾಗಿ ಹೇಳ್ತೀಯಾ" ಎಂದು ಕೇಳುವ ಮೊದಲು ಹೋಗಿ ಚಕ್ರ ಅಳೆಯಿರಿ. ನಾನು ಕೇಳಿದ ಆ ಒಂದು ಪ್ರಶ್ನೆಗೆ ಅವನು ಎಂಟು ತಿಂಗಳು ಉತ್ತರ ಹುಡುಕಿದ.

ಇನ್ನೊಂದು ಕೋರಿಕೆ ಇದೆ, ಸಣ್ಣದು. ಭರಮಸಾಗರದಿಂದ ದಾವಣಗೆರೆ ಕಡೆಗೆ ಹೋಗುವಾಗ ನಾಲ್ಕನೆಯ ಕಲ್ಲು ವಾಲಿದೆ, ಅಕ್ಷರ ಅಳಿಸಿಹೋಗಿದೆ. ನಿಮ್ಮ ಕಾಲದಲ್ಲಿ ಅದಿನ್ನೂ ನೆಟ್ಟಗೆ ನಿಂತಿರಬಹುದು. ಆ ದಾರಿಯಲ್ಲಿ ಹೋಗುವಾಗ ಗಾಡಿ ನಿಲ್ಲಿಸಿ, ಬುಡಕ್ಕೆ ನಾಲ್ಕು ಕಲ್ಲು ಒತ್ತಿ, ಒಂದು ಕೈ ಸುಣ್ಣ ಬಳಿದು ಹೋಗಿ. ನಾವಿನ್ನೂ ಅದನ್ನು ನೋಡಿ ಎಣಿಸುತ್ತೇವೆ.

ಇಂತಿ,
ಹೊನ್ನೂರಮ್ಮ
ಇಪ್ಪತ್ತೆರಡನೇ ನಂಬರಿನ ಗಾಡಿ, ನಿನ್ನೆಯವರೆಗೆ