ಸಾಹೇಬರ ಗದ್ದುಗೆಯೊಳಗಿನವಳು

ವಿದ್ಯಾಗಿರಿ, ಬಾಗಲಕೋಟೆ
18 ಸೆಪ್ಟೆಂಬರ್ 2024

ತಂಗಿ ಶೀಲಾಳಿಗೆ ಅಣ್ಣನ ಶರಣು.

ಕೆರೂರಿನಲ್ಲಿ ನೀವೆಲ್ಲ ಆರಾಮ ಇದ್ದೀರೆಂದು ನಂಬಿದ್ದೇನೆ. ಎರಡು ತಿಂಗಳಿಂದ ನೀನು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಇದನ್ನೂ ಮೊದಲೇ ಬರೆಯಬೇಕಿತ್ತು. ಪೆನ್ನು ಹಿಡಿದು ಕೂತಾಗಲೆಲ್ಲ ಎದ್ದುಬಿಡುತ್ತಿದ್ದೆ. ನಿನ್ನ ವೈನಿ ನಾಗರತ್ನಾಳ ಮೊಣಕಾಲು ಈಗ ಪರವಾಗಿಲ್ಲ. ನಿನ್ನ ಹೆಸರೆತ್ತಿ ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾಳೆ.

ನನ್ನ ಪುಸ್ತಕವನ್ನು ನಾಲ್ಕು ಜನ ಹೊಗಳಿದರು. ಹನ್ನೆರಡು ವರ್ಷ ಆ ಲಾರ್ಡ್ ಹ್ಯಾಲ್ಡರ್ಬಿಯ ಬೆನ್ನು ಹತ್ತಿದ್ದೆನಲ್ಲ. ಹುನಗುಂದದ ಕಡೆ ಸಣ್ಣ ಅಧಿಕಾರಿಯಾಗಿ ಬಂದದ್ದು, ಅವನ ಅಣ್ಣ ಯುದ್ಧದಲ್ಲಿ ಸತ್ತನೆಂದು ತನ್ನ ದೇಶಕ್ಕೆ ಮರಳಿ ಲಾರ್ಡ್ ಆದದ್ದು, ಮೂವತ್ತು ವರ್ಷ ಅವರ ಮೇಲ್ಮನೆಯಲ್ಲಿ ಕೂತದ್ದು, ಎರಡು ಸಲ ಮಂತ್ರಿಯಾದದ್ದು, ಇಳಕಲ್ಲಿನ ನೇಕಾರರ ಪರವಾಗಿ ಮಾತಾಡಿದ್ದು, ಎಲ್ಲ ತಾರೀಖು ಸಮೇತ ಬರೆದೆ. ಕೊನೆಯವರೆಗೂ ಮದುವೆಯಾಗಲಿಲ್ಲ ಎಂದೂ ಬರೆದೆ. ಯಾಕೆ ಎಂದು ಮಾತ್ರ ಬರೆಯಲಿಲ್ಲ.

ರಾಮಥಾಳದ ಆಚೆ, ನಮ್ಮೂರ ಹೊಲದ ಬದುವಿನಲ್ಲಿ ಆ ಹ್ಯಾಲ್ಡರ್ಬಿಯದೆಂದು ಹೇಳುವ ಸಾಹೇಬರ ಗದ್ದುಗೆ ಇದೆಯಲ್ಲ, ಜನ ಪ್ರತಿ ಸೋಮವಾರ ವಿಭೂತಿ ಹಚ್ಚಿ ಪತ್ರಿ ಏರಿಸುತ್ತಾರೆ. ನಾನೊಬ್ಬ ದೊಡ್ಡ ಪಂಡಿತ ನೋಡು! ಅಲ್ಲಿಗೆ ಹೋಗಿ, ಸಾಹೇಬ ಸತ್ತದ್ದು ತನ್ನ ದೇಶದಲ್ಲಿ, ಇಲ್ಲಿ ಯಾರಿಗೆ ಕೈಮುಗಿಯುತ್ತೀರಿ ಎಂದು ಕೇಳಿದೆ. ಗದ್ದುಗೆ ತೊಳೆಯುತ್ತಿದ್ದ ಮುದುಕಿ ಸಿದ್ದವ್ವ ತಲೆ ಎತ್ತದೆ ಹೇಳಿದಳು:

“ಸಾಹೇಬ ಇಲ್ಲಿಲ್ಲ ಅನ್ನೂದು ನಮಗೂ ಗೊತ್ತೈತ್ರಿ ಮಾಸ್ತರ. ಒಳಗಿರಾಕಿ ಹೆಸರ ಹೇಳಿದ್ರ ನಿಮ್ಮ ಮನಿ ಮರ್ಯಾದಿ ಹೋಗತೈತಂತ, ನಾವು ಸಾಹೇಬ ಅಂತೀವಿ.”

ಒಳಗಿರುವವಳು ನಮ್ಮ ಅಜ್ಜನ ಅಕ್ಕ ಮಾದೇವಿ. ಸಣ್ಣವಳಿದ್ದಾಗಲೇ ಪ್ಲೇಗಿನಲ್ಲಿ ಸತ್ತಳೆಂದು ಮನೆಯಲ್ಲಿ ಹೇಳುತ್ತಿದ್ದರಲ್ಲ, ಅವಳೇ. ಸಾಹೇಬ ಹಡಗು ಹತ್ತಿದ ಮೇಲೆ, ಅವನೊಡನೆ ಬಾಳಿದ್ದ ಬಸುರಿ ಹೆಣ್ಣು ತವರಿನ ಬಾಗಿಲಿಗೆ ಬಂದಳಂತೆ. ಮುತ್ತಜ್ಜ ಕದ ತೆಗೆಯಲಿಲ್ಲ. ಹೆರಿಗೆಯಲ್ಲಿ ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ನಮ್ಮ ಹಿರಿಯರ ಸಮಾಧಿಗಳ ಸಾಲಿನಲ್ಲಿ ಜಾಗ ಸಿಗಲಿಲ್ಲ. ಊರವರೇ ಬದುವಿನಲ್ಲಿ ಮಣ್ಣು ಮಾಡಿದರು. ಮಾನಾಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅಜ್ಜ ಒಂದು ಎಡೆ ಹೆಚ್ಚಿಗೆ ಇಟ್ಟು, ಮುಂದೆ ಇಳಕಲ್ ಸೀರೆ ಇಡುತ್ತಿದ್ದ, ನೆನಪಿದೆಯೇ? ಇದು ಯಾರಿಗೆ ಎಂದು ಕೇಳಿ ನೀನು ಏಟು ತಿಂದಿದ್ದೆ.

ಸಿದ್ದವ್ವನಿಂದಲೇ ವಿಷಯ ತಿಳಿದು ನೀನು ಫೋನಿನಲ್ಲಿ ಅಂದದ್ದು ಇನ್ನೂ ಕಿವಿಯಲ್ಲಿದೆ: “ಅಣ್ಣಾ, ನೀ ಆಕಿ ಹೆಸರ ಹೇಳೂ ತನಕಾ ನಾ ನಿನ್ನ ಮನಿ ಹೊಸ್ತಲಾ ತುಳಿಯಂಗಿಲ್ಲ.” ಈ ಅಮಾವಾಸ್ಯೆಗೆ ಎಲ್ಲರೆದುರು ಮಾದೇವಿಯ ಹೆಸರು ಹೇಳಿ ಎಡೆ ಇಡುತ್ತೇನೆ. ಸೀರೆ ನೀನೇ ಆರಿಸಿ ತಾ. ನೀನು ಬರದಿದ್ದರೂ ಹೆಸರು ಹೇಳುತ್ತೇನೆ, ಆದರೆ ನೀನು ಬಾ.

ಮಕ್ಕಳಿಗೆ ನನ್ನ ಆಶೀರ್ವಾದ. ಬಸವಣ್ಣ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ಅಣ್ಣ,
ರಾಚಪ್ಪ

ತಾ.ಕ.: ಪುಸ್ತಕ ಅಚ್ಚಾದ ಮೇಲೆ ನನಗೆ ಗೊತ್ತಾಯಿತು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಸಿದ್ದವ್ವ ನನಗೆ ಹೇಳಿ ಆಗಲೇ ಮೂರು ವರ್ಷವಾಗಿತ್ತು. ಲಾರ್ಡನ ಕೊನೆಯ ವರ್ಷದ ದಿನಚರಿಯ ನಕಲು ನನ್ನ ಬಳಿ ಇದೆ. ಅದರ ಒಂದು ಪುಟದಲ್ಲಿ ಸೊಟ್ಟ ಕನ್ನಡ ಅಕ್ಷರಗಳಲ್ಲಿ ಮಾದೇವಿ ಎಂದಷ್ಟೇ ಬರೆದಿದ್ದಾನೆ. ಬಿಟ್ಟುಹೋದವನು ಬರೆದಿಟ್ಟ. ಅಚ್ಚಿಗೆ ಕೊಡುವ ದಿನ ಆ ಪುಟವನ್ನು ನನ್ನ ಪುಸ್ತಕದಿಂದ ತೆಗೆದುಹಾಕಿದವನು ನಾನು.