ತೋಡಿಟ್ಟ ಬಿಸಿನೀರು

ಪುಟ್ಟಿ,

ಹಾಲು ಒಲೆಯ ಮೇಲಿದೆ. ಮುಂದೆ ನಿಂತು ಕಾಯಿಸು, ಉಕ್ಕಿಸಬೇಡ. ಬೀಗದ ಕೈ ಪಕ್ಕದ ಮನೆ ಅಜ್ಜಿಗೆ ಕೊಟ್ಟು ಹೋಗು.

ನೀನು ಸೇರಬೇಕೆಂದಿರುವ ದೈಹಿಕ ಶಿಕ್ಷಣ ಪದವಿಯ ಲೆಕ್ಕ ಹಾಕಿದೆ. ಶುಲ್ಕಕ್ಕೆ ನನ್ನ ಒಂದು ವರ್ಷದ ಸಂಬಳ ಪೂರ್ತಿ ಹೋಗುತ್ತದೆ. ಮುಗಿಸಿದ ಮೇಲೆ ಸಿಗುವುದು ಗುತ್ತಿಗೆ ಕೆಲಸ. ನಮ್ಮ ಆಫೀಸಿನ ಗುಮಾಸ್ತನಿಗೇ ಹೆಚ್ಚು ಬರುತ್ತದೆ. ಸಂಜೆ ಮಕ್ಕಳಿಗೆ ತರಬೇತಿ ಕೊಟ್ಟರೆ ಹೇಗೋ ಸರಿದೂಗೀತು. ನಿನ್ನ ಮಾವ ಫೋನಿನಲ್ಲಿ, "ಅಲ್ಲಕ್ಕಾ, ಓಡೋದಕ್ಕೂ ದುಡ್ಡು ಕೊಟ್ಟು ಕಲೀಬೇಕಾ? ಹಿಂದೆ ನಾಯಿ ಬಿಡು, ಪುಕ್ಕಟೆ ಕಲೀತಾಳೆ" ಎಂದ. ನಿನ್ನಪ್ಪ ಇದ್ದಿದ್ದರೆ ಅವನನ್ನೇ ಮೈದಾನ ಸುತ್ತಿಸುತ್ತಿದ್ದರು.

ನಾನು ಇಷ್ಟು ದಿನ ಹೂಂ ಅನ್ನದಿದ್ದದ್ದು ದುಡ್ಡಿಗಲ್ಲ. ಡ್ರಿಲ್ ಮೇಷ್ಟ್ರಾಗಿದ್ದ ನಿನ್ನಪ್ಪ ಶಾಲೆಯ ಮೈದಾನದಿಂದ ಬರುವಾಗ ಬೀದಿ ತಿರುವಿನಲ್ಲಿ ಸೀಟಿ ಊದುತ್ತಿದ್ದರು. ಅದು ಕೇಳಿದ ಕೂಡಲೇ ನಾನು ಬಚ್ಚಲಲ್ಲಿ ಬಿಸಿನೀರು ತೋಡಿಡುತ್ತಿದ್ದೆ. ಅವರು ಮೈದಾನದಲ್ಲೇ ಎದೆ ಹಿಡಿದುಕೊಂಡು ಕುಸಿದ ದಿನ ಸೀಟಿ ಕೇಳಲಿಲ್ಲ. ನಿನ್ನೆ ನೀನು ಓಡಿ ಬರುತ್ತಾ ಅದೇ ತಿರುವಿನಲ್ಲಿ ಅವರ ಸೀಟಿಯನ್ನೇ ಊದಿದೆ. ನಾನು ಎದ್ದು ಹೋಗಿ ನೀರು ತೋಡಿ, ಅವರ ಟವೆಲ್ ಹುಡುಕುತ್ತಿದ್ದೆ. ನೀನು "ಯಾರಿಗಮ್ಮಾ?" ಅಂದಾಗಲೇ ನನಗೆ ಎಚ್ಚರವಾದದ್ದು. "ನಿಂಗೇ ಕಣೇ" ಎಂದು ಸುಳ್ಳು ಹೇಳಿದೆ.

ಮೊದಲು ಹೃದಯದ ಪರೀಕ್ಷೆ ಮಾಡಿಸಿಕೊಂಡು ಬಾ. ಡಾಕ್ಟರು ಸರಿ ಎಂದರೆ ಸೇರು, ಶುಲ್ಕ ಕಟ್ಟುತ್ತೇನೆ. ಸೀಟಿ ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ, ಇನ್ನು ಅದು ನಿನ್ನದೇ. ಮೈದಾನದಲ್ಲಿ ಎಷ್ಟು ಬೇಕಾದರೂ ಊದು. ಆ ತಿರುವಿನಲ್ಲಿ ಮಾತ್ರ ಊದಬೇಡ. ಬಂದು ಬಾಗಿಲು ತಟ್ಟು. ನೀರು ನಿನಗೆಂದೇ ತೋಡಿಡುತ್ತೇನೆ.

ಅಮ್ಮ