ಹಳದಿ ಬೆಳಕಿನಲ್ಲಿ ಅರಿಸಿನ

12 ಫೆಬ್ರವರಿ 2025, ಬುಧವಾರ

...ಅಲ್ಲ, ಹ್ಯಾಲೊಜನ್ನೇ ಸರಿ. ನಿನ್ನೆ ಇಷ್ಟು ಬರೆದು ಮಲಗಿಬಿಟ್ಟೆ. ಕಾರಣ ಬರೆದಿರಲಿಲ್ಲ.

ರೇಷ್ಮೆ ಕಾರ್ಖಾನೆಯಲ್ಲಿ ನನ್ನ ಪಕ್ಕದ ಟೇಬಲ್ಲಿನ ಲಿಯಾಕತ್ ಅಲಿಯ ಮಗಳು ಹಬೀಬಾ ಹೀಗೆ ಸ್ವಂತ ಶೆಡ್ ಹಾಕುತ್ತಾಳೆಂದು ಯಾರಿಗೆ ಗೊತ್ತಿತ್ತು. ಗುಂಡ್ಲುಪೇಟೆ, ಊಟಿ ರಸ್ತೆ. ಕಾರ್ ಡೀಟೇಲಿಂಗ್. ‘ವಾಟರ್ ಸರ್ವೀಸ್’ ಅಂದರೆ ಹಬೀಬಾಗೆ ಸಿಟ್ಟು. ಗೀರು, ಕಲೆ, ಸೀಟು, ಮೂಲೆ ಮೂಲೆ — ಎಲ್ಲವನ್ನೂ ಹೊಸದರಂತೆ ಮಾಡಿಕೊಡುವುದಂತೆ. ಅವಳಿಗೆ ಕೈಜೋಡಿಸಲು ನಾನು ಚಾಮರಾಜನಗರದಿಂದ ಬೆಳಿಗ್ಗೆ ಬಸ್ಸು ಹತ್ತುತ್ತೇನೆ. ಹೆಂಡತಿ ಸುಧಾಮಣಿ ಹೋಗಿ ಎರಡು ವರ್ಷ. ಎಲ್ಲಾದರೂ ಹೋಗಬೇಕಲ್ಲ.

ಕಲೆ ಹುಡುಕಲು ಸ್ಟ್ಯಾಂಡ್ ಲೈಟ್ ಬೇಕು. ಅಂಗಡಿಯವನು ಎರಡು ಕಳಿಸಿದ್ದ. ಎಲ್‌ಇಡಿ — ಬೆಳ್ಳಗೆ, ತಣ್ಣಗೆ. ಹ್ಯಾಲೊಜನ್ — ಹಳದಿ, ಮುಂದೆ ನಿಂತರೆ ಮೀಸೆ ಸುಡುತ್ತದೆ.

“ರೇಷ್ಮೆ ಬಣ್ಣ ನೋಡಿ ಗ್ರೇಡ್ ಹಾಕ್ತಿದ್ದೋರು ನೀವು. ನೀವೇ ಹೇಳ್ಬುಡಿ ಅಂಕಲ್. ಡಬ್ಬದ ಮೇಲೆ ಏನೋ ಕ್ರೈ ಅಂತ ಬರ್ದವ್ರೆ.”

“ಸಿ.ಆರ್.ಐ. ಕಣಮ್ಮಿ! ಕಲರ್ ರೆಂಡರಿಂಗ್ ಇಂಡೆಕ್ಸ್. ಬಣ್ಣ ಎಷ್ಟು ನಿಜವಾಗಿ ಕಾಣ್ತದೆ ಅನ್ನೋ ಅಂಕ. ಅಳೋದಲ್ಲ.”

ಹ್ಯಾಲೊಜನ್‌ಗೆ ನೂರಕ್ಕೆ ನೂರು, ಈ ಎಲ್‌ಇಡಿಗೆ ಎಂಬತ್ತು ಚಿಲ್ಲರೆ. ಕಾಲೇಜಿನ ಫಿಸಿಕ್ಸ್, ಮೇಲೆ ಡಬ್ಬ ಓದಿದ್ದು, ಎರಡೂ ಸೇರಿಸಿ ಹೇಳಿದೆ. ಒಪ್ಪಿದಳು. ಎಲ್‌ಇಡಿಯನ್ನು ಡಬ್ಬಕ್ಕೆ ಹಾಕಿ ಮೂಲೆಗಿಟ್ಟಳು.

14 ಫೆಬ್ರವರಿ, ಶುಕ್ರವಾರ

ದೊಡ್ಡ ಗಿರಾಕಿ. ನಮ್ಮೂರಿನ ಅರಿಸಿನದ ವ್ಯಾಪಾರಿ ನೀಲಕಂಠಸ್ವಾಮಿ. ಬಿಳಿ ಕಾರು, ಒಳಗೆ ಕೆನೆಬಣ್ಣದ ಬಟ್ಟೆಯ ಸೀಟು. ಸ್ಯಾಂಪಲ್ ಪುಡಿಯ ಚೀಲ ಹಿಂದಿನ ಸೀಟಿನಲ್ಲಿ ಒಡೆದಿದೆ. ಹತ್ತು ದಿನಕ್ಕೆ ಮಗಳು ಕುಮಾರಿಯ ನಿಶ್ಚಿತಾರ್ಥ. ಬೀಗರು ಬಿಳಿ ಪಂಚೆ ಉಟ್ಟು ಇದೇ ಸೀಟಿನಲ್ಲಿ ಬರಬೇಕು.

ಹಬೀಬಾ ಶಾಂಪೂ ಹಾಕಿ ಉಜ್ಜಿದಳು. ಸೀಟೆಲ್ಲ ಕೆಂಪು!

“ಅಂಕಲ್, ಓಕಳಿ ಆಗೋಯ್ತು!”

ಆರತಿ ತಟ್ಟೆಗೆ ಅರಿಸಿನದ ಜೊತೆ ಸುಣ್ಣ ಕಲಸಿದರೆ ಆಗುವುದೂ ಇದೇ. ಶಾಂಪೂವಿನ ಆಲ್ಕಲಿ, ಕ್ಷಾರ. ಬ್ಲೂ ಟು ರೆಡ್ ಯಾವುದು, ರೆಡ್ ಟು ಬ್ಲೂ ಯಾವುದು... ಅದು ಲಿಟ್ಮಸ್ಸಿನದು, ಇಲ್ಲಿಗೆ ಬೇಡ. ವಿನಿಗರ್ ಹಾಕಿಸಿದೆ. ಕೆಂಪು ಇಳಿಯಿತು. ಎರಡು ದಿನದ ಕೆಲಸ ಇದೆ.

15 ಫೆಬ್ರವರಿ, ಶನಿವಾರ

ಮುಗಿಯಿತು. ಸಂಜೆ ಹ್ಯಾಲೊಜನ್ ಹಾಕಿ ಇಂಚಿಂಚು ನೋಡಿದೆ. ಸೀಟು ಬೆಣ್ಣೆ.

“ಬೆಳಿಗ್ಗೆ ಒಂದ್ಸಲ ಹೊರಗೆ ತಳ್ಳಿ ನೋಡನ ಅಂಕಲ್?”

“ಬೇಡ. ಹಂಡ್ರೆಡ್ ಪರ್ಸೆಂಟ್.”

ನೀಲಕಂಠಸ್ವಾಮಿಯ ಡ್ರೈವರ್ ಬಂದು ಹೊತ್ತು ಮುಳುಗಿದ ಮೇಲೆ ಕಾರು ತೆಗೆದುಕೊಂಡು ಹೋದ. ಬಸ್ಸಿನಲ್ಲಿ ತೆರಕಣಾಂಬಿ ದಾಟಿ ಊರು ಸೇರುವ ತನಕ ಖುಷಿಯಲ್ಲೇ ಇದ್ದೆ.

17 ಫೆಬ್ರವರಿ, ಸೋಮವಾರ

ಹನ್ನೊಂದಕ್ಕೆ ಕಾರು ವಾಪಸ್. ಸ್ವತಃ ನೀಲಕಂಠಸ್ವಾಮಿ. ನಾಲ್ಕೂ ಬಾಗಿಲು ತೆಗೆದು ಬಿಸಿಲಿನಲ್ಲಿ ನಿಲ್ಲಿಸಿದರು.

“ನೋಡಮ್ಮಿ. ಅರಿಸಿನ ಅಂಗೇ ಕೂತದಲ್ಲ! ಏನ್ ಕ್ಲೀನ್ ಮಾಡಿದೈ? ಪೂಜೆ ಮಾಡಿ ಕಳ್ಸಿದ್ದೀಯಾ?”

ಇತ್ತು. ಸೀಟಿನ ಅಗಲಕ್ಕೂ. ಹಳದಿ ಬೆಳಕಿನ ಕೆಳಗೆ ಹಳದಿ ಎಲ್ಲಿ ಕಾಣಬೇಕು? ಮಗುವಿಗೂ ಹೊಳೆಯುವ ವಿಷಯ. ನೂರಕ್ಕೆ ನೂರು ಅಂಕದವನಿಗೆ ಹೊಳೆಯಲಿಲ್ಲ.

“ಹೆಣ್ಣೈಕ್ಳ ಕೈಗೆ ಕಾರ್ ಕೊಟ್ಟಿದ್ದೇ ನಂದು ತಪ್ಪು. ನಮ್ ಮಂಡಿಯೋರ್ಗೆಲ್ಲ ಹೇಳ್ತೀನಿ ಬುಡು, ಯಾರೂ ಈ ಕಡೆ ತಿರುಗ್ದಂಗೆ.”

ಹಬೀಬಾ ಒಂದು ಸಲ ನನ್ನ ಕಡೆ ನೋಡಿದಳು. ಒಂದೇ ಸಲ. ಆಮೇಲೆ, “ತಪ್ಪು ನಂದೇ ಸಾರ್. ಇನ್ನೊಂದು ಚಾನ್ಸ್ ಕೊಡಿ. ನಿಶ್ಚಿತಾರ್ಥದೊಳಗೆ ಮಾಡ್ಕೊಡ್ತೀನಿ.”

ಕಾರು ಬಿಟ್ಟು ಬಸ್ಸಿಗೆ ಹೋದರು. ನಾನು ಅಷ್ಟೂ ಹೊತ್ತು ಹ್ಯಾಲೊಜನ್ನಿನ ವೈರ್ ಸುತ್ತುತ್ತಿದ್ದೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದೆ.

20 ಫೆಬ್ರವರಿ, ಗುರುವಾರ

ಮೂರು ದಿನ ಹೋಗಿಲ್ಲ. ಜ್ವರ ಎಂದು ಮೆಸೇಜು ಹಾಕಿದೆ. ‘ಟೇಕ್ ಕೇರ್ ಅಂಕಲ್’ ಎಂದು ಬಂತು. ಜ್ವರ ಇಲ್ಲ.

ಎರರ್ ಆಫ್ ಜಡ್ಜ್‌ಮೆಂಟೋ, ಎರರ್ ಇನ್ ಜಡ್ಜ್‌ಮೆಂಟೋ — ಪ್ರಿಪೊಸಿಷನ್ ಮರೆತಿದೆ. ಯಾವುದಾದರೂ ಸುಳ್ಳೇ. ಎರರ್ ಅಲ್ಲ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೇಷ್ಮೆಯನ್ನು ಉತ್ತರದ ಕಿಟಕಿಯ ಬೆಳಕಿಗೆ ಹಿಡಿದೇ ನೋಡಿದವನು ನಾನು. ದೀಪದಲ್ಲಿ ನೋಡಿ ಗ್ರೇಡ್ ಹಾಕಿದರೆ ಮೆಮೊ ಕೊಡುತ್ತಿದ್ದರು. ಗೊತ್ತಿತ್ತು.

ಲೈಟು ಆರಿಸಿಕೊಂಡ ದಿನ ಶೆಡ್ಡಿನಲ್ಲಿ ಎಲ್‌ಇಡಿ ಹೊತ್ತಿಸಿದಾಗ ಹಬೀಬಾಳ ಕೈ ಬೆಳಕಿಗೆ ಬಂತು. ಉಗುರು ನೀಲಿ, ಚರ್ಮ ಬೂದಿ. ಆಸ್ಪತ್ರೆಯಲ್ಲಿ ಸುಧಾಮಣಿಯ ಕೈ ಕೊನೆಯ ಹನ್ನೊಂದು ದಿನ ಹಾಗೆ ಕಂಡಿತ್ತು. ಹಗಲೂ ರಾತ್ರಿ ಅದೇ ಬಿಳಿ ದೀಪ, ಒಂದು ಕ್ಷಣ ಆರಿಸುತ್ತಿರಲಿಲ್ಲ. ಆ ಬೆಳಕಿನಲ್ಲಿ ದಿನಾ ನಿಂತು ಕೆಲಸ ಮಾಡುವುದು ನನ್ನಿಂದ ಆಗದು ಅನ್ನಿಸಿತು. ಅಷ್ಟೆ. ಅದನ್ನು ಹೇಳಲಿಲ್ಲ. ಇಂಡೆಕ್ಸ್ ಹೇಳಿದೆ.

ಈಗ ಆ ಹುಡುಗಿಯ ಶೆಡ್ಡು ಮುಚ್ಚುವ ಹಾಗಾಗಿದೆ.

21 ಫೆಬ್ರವರಿ, ಶುಕ್ರವಾರ

ಮೊದಲ ಬಸ್ಸಿಗೇ ಹೋದೆ. ಎಲ್ಲ ಹೇಳಿದೆ. ಆಸ್ಪತ್ರೆಯದನ್ನೂ. ಅವಳು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಾ ಕೇಳಿದಳು.

“ಲೈಟ್ ವಿಷ್ಯ ಬುಡಿ ಅಂಕಲ್. ಮೊದ್ಲೇ ಅಂದಿದ್ರೆ ಅದರ ಮೂತಿಗೆ ನನ್ ದುಪಟ್ಟಾ ಕಟ್ಕೊಡ್ತಿದ್ದೆ.” ನಗಲಿಲ್ಲ. “ಅವ್ರು ಅಂಗೆ ಮಾತಾಡ್ವಾಗ ನೀವು ವೈರ್ ಸುತ್ಕೊಂಡು ನಿಂತ್ಬುಟ್ರಲ್ಲ. ಅದು ಬೇಜಾರು. ನಮ್ ಅಬ್ಬ ಆಗಿದ್ರೂ ಅಂಗ್ ನಿಲ್ತಿದ್ರಾ ಅಂತ ಮೂರು ದಿನ ಯೋಚ್ನೆ ಮಾಡ್ದೆ.”

ಲಿಯಾಕತ್ ನಿಲ್ಲುತ್ತಿರಲಿಲ್ಲ. ನನಗೂ ಗೊತ್ತು.

“ಅವ್ರಿಗೆ ಯಾರು ಹೇಳ್ತಾರೆ?” ಎಂದಳು.

“ನಾನೇ. ಬಂದಾಗ, ಎದುರಿಗೇ.”

ಸ್ಪ್ಯಾನರ್ ಕೈಗೆ ಕೊಟ್ಟಳು. “ಸೀಟ್ ಬಿಚ್ಚನ ಬನ್ನಿ. ಮದ್ವೆ ಮನೆ ಹಳದಿ ಬಟ್ಟೇನ ನಮ್ ಅಮ್ಮಿ ಬಿಸ್ಲಿಗೇ ಹಾಕೋದು. ಸೋಪಿಗೆ ಹೋಗ್ದಿದ್ದು ಬಿಸ್ಲಿಗೆ ಹೋಯ್ತದೆ.”

ಸೀಟುಗಳನ್ನು ಶೆಡ್ಡಿನ ಮುಂದೆ ಚಾಪೆಯ ಮೇಲಿಟ್ಟೆವು, ಹಪ್ಪಳ ಒಣಗಿಸಿದ ಹಾಗೆ. ರಸ್ತೆಯಲ್ಲಿ ಹೋಗುವವರು ಕಾರು ಎಲ್ಲಿ ಎಂದು ಕೇಳುತ್ತಿದ್ದಾರೆ. ನೆರಳು ಬಂದಂತೆಲ್ಲ ಎಳೆದು ಬಿಸಿಲಿಗೆ ಹಾಕುವುದು ನನ್ನ ಡ್ಯೂಟಿ. ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಸಂಜೆಗೆ ಅರ್ಧ ಹೋಗಿದೆ!

23 ಫೆಬ್ರವರಿ, ಭಾನುವಾರ. ಸಂಜೆ 6.40. ಶೆಡ್ಡಿನ ಮುಂದೆ ಸ್ಟೂಲ್ ಮೇಲೆ

ಮೂರು ದಿನದ ಬಿಸಿಲು. ಹೋಯಿತು — ಹೆಚ್ಚುಕಡಿಮೆ. ಎಡಗಡೆ ಸೀಟಿನ ಹೊಲಿಗೆಯ ಪಕ್ಕ ಒಂದು ಅಡಿಕೆಯಷ್ಟು ಉಳಿದಿದೆ. ಹೊಲಿಗೆಯ ಮಡಿಕೆಗೆ ಬಿಸಿಲು ಇಳಿದಿಲ್ಲ. ಇನ್ನೊಂದು ಹಗಲು ಸಿಕ್ಕಿದ್ದರೆ... ನಿಶ್ಚಿತಾರ್ಥ ನಾಳೆಯೇ. ಸೀಟುಗಳನ್ನು ಕಾರಿಗೆ ಕೂರಿಸಿ ಆಯಿತು.

ನಾಲ್ಕಕ್ಕೆ ಬರುತ್ತೇನೆ ಎಂದಿದ್ದ ನೀಲಕಂಠಸ್ವಾಮಿ ಬಂದಿಲ್ಲ. ಈಗ ಫೋನು. “ತೆರಕಣಾಂಬಿ ದಾಟಿದೀನಿ ಕಣಮ್ಮಿ, ಹತ್ತು ನಿಮಿಷ.”

ಹತ್ತು ನಿಮಿಷಕ್ಕೆ ಕತ್ತಲು. ಕತ್ತಲಲ್ಲಿ ಆ ಅಡಿಕೆಯಷ್ಟು ಕಾಣುವುದಿಲ್ಲ. ಸಂತೋಷದಿಂದ ಕೀ ತೆಗೆದುಕೊಂಡು ಹೋಗುತ್ತಾರೆ. ನಾನೂ ಬಾಯಿ ಬಿಡಬೇಕಾಗಿಲ್ಲ. ನಾಳೆ ಬೀಗರ ಗಲಾಟೆಯಲ್ಲಿ ಹೊಲಿಗೆ ನೋಡುವವರು ಯಾರು?

ಇಷ್ಟನ್ನೂ ಯೋಚಿಸಿದೆ. ಬರೆದಿಡುತ್ತಿದ್ದೇನೆ, ಆಮೇಲೆ ಇಲ್ಲ ಅನ್ನಬಾರದಲ್ಲ.

“ಅಂಕಲ್, ಲೈಟ್ ಹಾಕನಾ, ಬೇಡ್ವಾ?” ಒಳಗಿನಿಂದ ಹಬೀಬಾ. ಯಾವ ಲೈಟು ಅನ್ನಲಿಲ್ಲ. ನನಗೇ ಬಿಟ್ಟಿದ್ದಾಳೆ ಹುಡುಗಿ.

ಎಲ್‌ಇಡಿ ಡಬ್ಬ ತೆರೆಯಲು ಹೇಳಿದೆ. ದುಪಟ್ಟಾ ಬೇಡ. ಹೊಲಿಗೆಯ ಹತ್ತಿರ ನಾನೇ ಹಿಡಿಯುತ್ತೇನೆ. ಮೊದಲು ಕಲೆ ತೋರಿಸುವುದು, ಆಮೇಲೆ ಹಿಂದಿನ ವಾರದ ಶನಿವಾರ ‘ಹಂಡ್ರೆಡ್ ಪರ್ಸೆಂಟ್’ ಅಂದವನು ಯಾರು ಎಂದು ಹೇಳುವುದು. ಇಂಗ್ಲಿಷ್ ಬೇಡ. ‘ಸ್ವಾಮಿಯೋರೇ, ಹುಡುಗಿ ಹೊರಗೆ ತಳ್ಳಿ ನೋಡನ ಅಂದಿದ್ಲು, ನಾನೇ ಬೇಡ...’

ಅಕ್ಷರದ ಮೇಲೆ ಅಕ್ಷರ ಬೀಳುತ್ತಿದೆ. ಗೆರೆ ಕಾಣುತ್ತಿಲ್ಲ. ಬೆಳಕು ಹೋಗ್ತಾ —